ಪಾಳಿ ಬದಲಾಗುವಾಗ ಕೇಳಬೇಕಾದ ಪ್ರಶ್ನೆ

ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ, ರೋಗಿಗಳ ವಿವರ ಒಪ್ಪಿಸಿಕೊಂಡ ಮೇಲೆ, ಹೊರಡುವ ಸಹೋದ್ಯೋಗಿಯನ್ನು "ಹೇಗಿದ್ದೀರಿ?" ಎನ್ನುವ ಬದಲು "ನಾಳೆ ನಿಮ್ಮ ಯಾವ ಕೆಲಸದಲ್ಲಿ ನಾನು ಕೈಜೋಡಿಸಲಿ?" ಎಂದು ಕೇಳಿರಿ. ಮೊದಲನೆಯದಕ್ಕೆ "ಪರವಾಗಿಲ್ಲ" ಎಂಬ ಉತ್ತರವಷ್ಟೇ ಬರುತ್ತದೆ. ಎರಡನೆಯದು ರಿಜಿಸ್ಟರ್ ತುಂಬುವುದು, ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ದಿನ ಪಾಳಿ ಅದಲುಬದಲು ಮಾಡಿಕೊಳ್ಳುವುದು ಮುಂತಾದ ನಿಜವಾದ ನೆರವನ್ನು ಹೊರತರುತ್ತದೆ, ಮತ್ತು ಕಷ್ಟಕ್ಕೆ ಜೊತೆಯವರು ಒದಗುತ್ತಾರೆಂಬ ನಂಬಿಕೆಯೇ ಒತ್ತಡ ತಾಳಿಕೊಳ್ಳುವ ಶಕ್ತಿಗೆ ಆಧಾರವಾಗುತ್ತದೆ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಒಂಟಿಯಾಗಿ ಹೋಗುವ ಆಶಾ ಕಾರ್ಯಕರ್ತೆಯರಿಗೆ ಪಾಳಿಯೆಂಬುದೇ ಇಲ್ಲ. ಆದ್ದರಿಂದ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ಮೊದಲೇ, ಮೇ ತಿಂಗಳಲ್ಲಿಯೇ, ಅಕ್ಕಪಕ್ಕದ ಊರಿನ ಇಬ್ಬಿಬ್ಬರನ್ನು, ಈ ಪ್ರಶ್ನೆಯನ್ನು ಪರಸ್ಪರ ಕೇಳಿಕೊಳ್ಳಲೆಂದು, ಜೋಡಿ ಮಾಡಿಡುವುದು ಒಳ್ಳೆಯದು. ಸಾವನ್ನೋ ಭೂಕುಸಿತದ ಗಾಯಾಳುಗಳನ್ನೋ ಕಂಡು ಬಂದವರಿಂದ ಘಟನೆಯನ್ನು ಒತ್ತಾಯಿಸಿ ಹೇಳಿಸಬಾರದು. ಅದು ಹಿತಕ್ಕಿಂತ ನೋವನ್ನೇ ಹೆಚ್ಚಿಸಬಹುದು. ಉತ್ತರಗಳು ಮೇಲಧಿಕಾರಿಯ ಮೌಲ್ಯಮಾಪನಕ್ಕೆ ಬಳಕೆಯಾಗುವ ಕಡೆ ಈ ಪ್ರಶ್ನೆ ಫಲಿಸದು. ಹುದ್ದೆಗಳು ಖಾಲಿಯಿರುವುದರಿಂದಲೇ ಎಲ್ಲರೂ ದಣಿದಿದ್ದರೂ ಅಷ್ಟೇ, ಅಲ್ಲಿ ಬೇಕಾದದ್ದು ಸಿಬ್ಬಂದಿ. ವಾರಗಟ್ಟಲೆ ನಿದ್ರೆ ಕೆಟ್ಟು ಕೆಲಸದಲ್ಲಿ ಮನಸ್ಸು ನಿಲ್ಲದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು, ಕರೆ ಉಚಿತ.