ಅಜ್ಜಿಮನೆಯ ದಾರಿಯಲ್ಲಿ ಟ್ಯಾಬ್ಲೆಟ್ ಬೇಕೇ? ಮಕ್ಕಳೊಂದಿಗೆ ದಿನವಿಡೀ ಕಾರಿನಲ್ಲಿ ಸಾಗುವ ಬಗೆ

ದಸರೆಗೋ ಬೇಸಿಗೆ ರಜೆಗೋ ಬೆಂಗಳೂರಿನಿಂದ ಕರಾವಳಿಯ ಕಡೆಗೆ ಹೊರಡುವ ಮನೆಗಳಲ್ಲಿ, ಹಿಂದಿನ ರಾತ್ರಿಯ ಸಿದ್ಧತೆಗೆ ಈಗ ಹೊಸದೊಂದು ಸೇರಿಕೊಂಡಿದೆ. ಟ್ಯಾಬ್ಲೆಟ್ ಚಾರ್ಜ್ ಆಗಿದೆಯೇ, ಕಾರ್ಟೂನುಗಳು ಡೌನ್‌ಲೋಡ್ ಆಗಿವೆಯೇ, ಹೆಡ್‌ಫೋನ್ ಎರಡೂ ಸಿಕ್ಕವೇ ಎಂದು ನೋಡುವ ಕೆಲಸವದು. ಅದಿಲ್ಲದಿದ್ದರೆ ಮಕ್ಕಳು ಇಡೀ ದಿನ ಸುಮ್ಮನೆ ಕೂರುವುದುಂಟೇ ಎಂಬ ಅಂಜಿಕೆ ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು. ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಮಗಳೂ ಐದು ವರ್ಷದ ಮಗನೂ ಇದ್ದಾರೆ. ಪುತ್ತೂರಿನ ಬಳಿಯ ಅಜ್ಜಿಮನೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 300 ಕಿಲೋಮೀಟರ್ ದಾರಿಯನ್ನು ವರ್ಷಕ್ಕೆ ಮೂರು ಸಲವಾದರೂ ಹೋಗಿ ಬರುತ್ತೇವೆ. ಆ ಅನುಭವದಿಂದ ಹೇಳುವುದಾದರೆ, ಹಗಲಿನ ಪ್ರಯಾಣಕ್ಕೆ ಪರದೆಯ ಅಗತ್ಯವಿಲ್ಲ. ಆದರೆ ಅದನ್ನು ಮನೆಯಲ್ಲೇ ಬಿಟ್ಟು, ಮಕ್ಕಳಿಗೆ ಪ್ರಯಾಣದಲ್ಲಿ ಯಾವ ಪಾಲನ್ನೂ ಕೊಡದೆ ಹೊರಟರೆ ನೆಲಮಂಗಲ ದಾಟುವಷ್ಟರಲ್ಲೇ ರಗಳೆ ಶುರುವಾಗುತ್ತದೆ.

ಮೊದಲು ಪರದೆ ಎಲ್ಲಿ ಖಂಡಿತ ಕೂಡದು ಎಂಬುದನ್ನು ಗೊತ್ತು ಮಾಡಿಕೊಳ್ಳಿ. ಕಾರು ತಿರುವು ತೆಗೆದುಕೊಳ್ಳುವಾಗ ದೇಹ ಓಲಾಡುತ್ತಿರುವುದನ್ನು ಒಳಕಿವಿ ಮಿದುಳಿಗೆ ತಿಳಿಸುತ್ತಿರುತ್ತದೆ. ಕಣ್ಣು ಮಾತ್ರ ಮಡಿಲಲ್ಲಿರುವ ಅಲುಗದ ಪರದೆಯನ್ನು ನೋಡುತ್ತಾ ಏನೂ ಚಲಿಸುತ್ತಿಲ್ಲವೆಂದು ಹೇಳುತ್ತಿರುತ್ತದೆ. ಈ ಎರಡು ಸುದ್ದಿಗಳು ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಒಮ್ಮೆ ಶಿರಾಡಿ ಘಾಟಿ ಇಳಿಯುವಾಗ ಮಗ ತುಸು ಸುಮ್ಮನಿರಲೆಂದು ನಾನೇ ಅವನ ಕೈಗೆ ಫೋನ್ ಕೊಟ್ಟೆ. ಮೂರನೆಯ ತಿರುವಿಗೆ ಅವನ ಮುಖ ಬೆಳ್ಳಗಾಯಿತು, ಹಣೆಯಲ್ಲಿ ಬೆವರು ಮೂಡಿತು, ಬಾಯಲ್ಲಿ ನೀರೂರುತ್ತಿದೆ ಎಂಬಂತೆ ಎರಡು ಸಲ ಉಗುಳು ನುಂಗಿದ. ಹಿಂದೆಯೂ ಮುಂದೆಯೂ ಟ್ಯಾಂಕರುಗಳಿದ್ದುದರಿಂದ ಕಾರನ್ನು ಬದಿಗೆ ನಿಲ್ಲಿಸುವ ಜಾಗ ಸಿಗುವ ಮೊದಲೇ ಬೆಳಗಿನ ಇಡ್ಲಿ ಸೀಟಿನ ಮೇಲಿತ್ತು. ಆ ವಾಸನೆ ಎರಡು ವಾರ ಹೋಗಲಿಲ್ಲ.

ಹಾಗಾಗಿ ಮೊದಲ ನಿಯಮವಿದು: ಸಕಲೇಶಪುರದಿಂದ ಗುಂಡ್ಯದವರೆಗೆ ಯಾರ ಕೈಯಲ್ಲೂ ಪರದೆಯಿರಬಾರದು, ಪುಸ್ತಕವೂ ಇರಬಾರದು. ಆಗುಂಬೆ, ಚಾರ್ಮಾಡಿ, ಹುಲಿಕಲ್ ಯಾವ ಘಾಟಿಯಾದರೂ ಮಾತು ಇದೇ. ಘಾಟಿಗೆ ಮುಂಚಿನ ಊಟ ಹಗುರವಾಗಿರಲಿ, ಎಣ್ಣೆಯ ತಿಂಡಿ ಬೇಡ, ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಿ, ದೂರದ ಬೆಟ್ಟವನ್ನೋ ಎದುರಿನ ರಸ್ತೆಯನ್ನೋ ನೋಡುವಂತೆ ಮಕ್ಕಳಿಗೆ ಹೇಳಿ. ಒಂದೊಂದು ಮಗುವಿಗೂ ಒಂದೊಂದು ಗಟ್ಟಿ ಚೀಲ ಮುಂದಿನ ಸೀಟಿನ ಹಿಂಬದಿಯ ಜೇಬಿನಲ್ಲಿ, ಕೈಗೆಟಕುವಂತೆ ಇರಲಿ. ಡಿಕ್ಕಿಯಲ್ಲಿಟ್ಟ ಚೀಲದಿಂದ ಆ ಹೊತ್ತಿಗೆ ಉಪಯೋಗವಿಲ್ಲ. ಪ್ರತಿಸಲವೂ ವಾಂತಿ ಮಾಡುವ ಮಗುವಾದರೆ ಹೊರಡುವ ಮುನ್ನ ಮಕ್ಕಳ ವೈದ್ಯರನ್ನು ಕೇಳಿ ಔಷಧ ತನ್ನಿ. ದೊಡ್ಡವರ ಮಾತ್ರೆಯನ್ನು ಮುರಿದು ಅರ್ಧ ಕೊಡುವ ರೂಢಿ ಅಪಾಯಕಾರಿ.

ಸೀಟಿನ ವಿಷಯದಲ್ಲಿ ರಾಜಿ ಬೇಡ. ಹಿಂದಿನ ಸೀಟಿನಲ್ಲಿ, ಚಿಕ್ಕವರಿಗೆ ಮಕ್ಕಳ ಸೀಟು, ದೊಡ್ಡವರಿಗೆ ಬೆಲ್ಟ್. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ದಂಡಕ್ಕಿಂತ ಮುಖ್ಯವಾದ ಮಾತೆಂದರೆ, ತಟ್ಟನೆ ಬ್ರೇಕ್ ಹಾಕಿದಾಗ ಮಡಿಲಲ್ಲಿರುವ ಮಗುವನ್ನು ಯಾವ ತಾಯಿಯ ಕೈಯೂ ಹಿಡಿದು ನಿಲ್ಲಿಸಲಾರದು. ಅರ್ಧ ಕಿಲೋ ತೂಕದ ಟ್ಯಾಬ್ಲೆಟ್ ಕೂಡ ಅಂಥ ಹೊತ್ತಿನಲ್ಲಿ ಕಲ್ಲಿನಂತೆ ಹಾರುತ್ತದೆ. ಇನ್ನೊಂದು ಸಣ್ಣ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೋಗುವಾಗ ಕಾರಿನ ಎಡಬದಿ ದಕ್ಷಿಣಕ್ಕಿರುತ್ತದೆ. ದಸರೆಯಿಂದ ಮಾರ್ಚ್‌ವರೆಗೆ ಬಿಸಿಲು ಹೆಚ್ಚಾಗಿ ಅದೇ ಕಿಟಕಿಯಿಂದ ಬರುತ್ತದೆ. ಎಡಗಡೆ ಕುಳಿತ ಮಗು ಹಾಸನ ತಲುಪುವ ಮೊದಲೇ ಹಠಕ್ಕೆ ಬಿದ್ದರೆ ಅದಕ್ಕೆ ಬೇಸರಕ್ಕಿಂತ ಸೆಕೆಯೇ ಕಾರಣವಿರಬಹುದು. ಆ ಕಿಟಕಿಗೊಂದು ಪರದೆಬಟ್ಟೆ ಕಟ್ಟಿ. ಕಾರಿಗೆ ನಿಜವಾಗಿ ಬೇಕಾದ ಪರದೆ ಅದೇ.

ಹೊರಡುವ ಹೊತ್ತನ್ನು ಮಕ್ಕಳ ನಿದ್ದೆಗೆ ಹೊಂದಿಸಿಕೊಳ್ಳಿ. ನಾವು ಬೆಳಗಿನ ಐದಕ್ಕೆ ಹೊರಡುತ್ತೇವೆ. ಮಲಗಿದ್ದವರನ್ನು ಹಾಗೆಯೇ ಎತ್ತಿ ತಂದು ಬೆಲ್ಟ್ ಹಾಕಿದರೆ ಕುಣಿಗಲ್‌ವರೆಗಿನ 70 ಕಿಲೋಮೀಟರ್ ನಿದ್ದೆಯಲ್ಲೇ ಕಳೆಯುತ್ತದೆ. ಎಚ್ಚರವಾದ ಕೂಡಲೇ ಮುಖ ತೊಳೆಸಿ, ತಿಂಡಿ ಕೊಟ್ಟು, ಹತ್ತು ನಿಮಿಷ ಓಡಾಡಲು ಬಿಡಬೇಕು. ಅಲ್ಲಿಂದ ಮುಂದೆ ಎರಡು ಗಂಟೆಗೊಮ್ಮೆ ನಿಲ್ಲಿಸುವುದು ಕಡ್ಡಾಯ. ಗೂಗಲ್ ಮ್ಯಾಪ್ ತೋರಿಸುವ ಸಮಯಕ್ಕೆ ಒಂದೂವರೆ ಗಂಟೆ ಸೇರಿಸಿ ಲೆಕ್ಕ ಹಾಕಿದರೆ ಡ್ರೈವ್ ಮಾಡುವವರಿಗೂ ತಲೆಬಿಸಿಯಿರುವುದಿಲ್ಲ.

ಈಗ ಪಾಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳಿಗೆ ಒಂದು ನೋಟ್‌ಪುಸ್ತಕ ಕೊಟ್ಟು ಅವಳನ್ನು ‘ಕಂಡಕ್ಟರ್’ ಮಾಡಿದ್ದೇವೆ. ಹೊರಟ ಹೊತ್ತು, ಟೋಲ್ ಗೇಟುಗಳ ಹೆಸರು ಮತ್ತು ಕಟ್ಟಿದ ಹಣ, ಮುಂದಿನ ಊರು, ಅಲ್ಲಿಗೆ ಉಳಿದ ಕಿಲೋಮೀಟರ್ ಇವನ್ನೆಲ್ಲ ಅವಳೇ ಬರೆಯುತ್ತಾಳೆ, ಆದರೆ ನೇರ ರಸ್ತೆಯಲ್ಲಿ ಮಾತ್ರ. ಬೋರ್ಡಿನಲ್ಲಿ ಹಾಸನ ಇಷ್ಟು ದೂರ ಎಂದು ಕಂಡಾಗ ಇನ್ನೆಷ್ಟು ಹೊತ್ತು ಎಂಬ ಲೆಕ್ಕವನ್ನೂ ಅವಳೇ ಹಾಕುತ್ತಾಳೆ. ತಮ್ಮ “ಅಪ್ಪಾ, ಅಜ್ಜಿಮನೆ ಬಂತಾ?” ಎಂದು ಕೇಳಿದರೆ ನಾನು ಉತ್ತರಿಸುವುದಿಲ್ಲ, “ಕಂಡಕ್ಟರನ್ನು ಕೇಳು” ಎನ್ನುತ್ತೇನೆ. ಅವಳು ಪುಸ್ತಕ ನೋಡಿ, ಗಂಭೀರವಾಗಿ, “ಚನ್ನರಾಯಪಟ್ಟಣಕ್ಕೆ ಇನ್ನು ಇಪ್ಪತ್ತು ನಿಮಿಷ, ಸೀಟಲ್ಲಿ ಕೂತ್ಕೊಳ್ಳಿ” ಎನ್ನುತ್ತಾಳೆ. ಅದೇ ಪ್ರಶ್ನೆಗೆ ಅಪ್ಪನ ಉತ್ತರ ಕೇಳಿ ಅಳುತ್ತಿದ್ದವನು ಅಕ್ಕನ ಉತ್ತರಕ್ಕೆ ನಗುತ್ತಾನೆ, ಏಕೋ.

ಓದಲು ಬಾರದ ಮಗುವಿಗೆ ವಾಹನಗಳ ನಂಬರ್ ಪ್ಲೇಟ್ ಸಾಕು. ಅಂಕಿ ಗುರುತಿಸಲು ಬಂದರೆ ಆಟ ಶುರು ಮಾಡಬಹುದು. ಕೆಎ 06 ತುಮಕೂರು, 44 ತಿಪಟೂರು, 13 ಹಾಸನ, 18 ಚಿಕ್ಕಮಗಳೂರು, 46 ಸಕಲೇಶಪುರ, 19 ಮಂಗಳೂರು, 21 ಪುತ್ತೂರು ಎಂದು ಹೊರಡುವ ಮೊದಲೇ ಒಂದು ಚೀಟಿಯಲ್ಲಿ ಬರೆದು ಕೊಡಿ. ಒಂದೊಂದಕ್ಕೂ ಒಂದು ಅಂಕ, ಅಜ್ಜಿಮನೆಯ 21ಕ್ಕೆ ಮಾತ್ರ ಐದು. ಮೊದಲು ಎಲ್ಲವೂ ಬೆಂಗಳೂರಿನ ಗಾಡಿಗಳೇ. ಬರಬರುತ್ತಾ 13 ಹೆಚ್ಚಾಗಿ, ಘಾಟಿ ಇಳಿದ ಮೇಲೆ 19, 21 ಸಾಲುಗಟ್ಟುವಾಗ ಊರು ಹತ್ತಿರವಾಗುತ್ತಿದೆ ಎಂದು ಯಾರೂ ಹೇಳದೆಯೇ ಮಗುವಿಗೆ ತಿಳಿಯುತ್ತದೆ. ಓದಲು ಬರುವವರಿಗೆ ಅಂಗಡಿಗಳ ಬೋರ್ಡುಗಳಲ್ಲಿ ಅಕ್ಷರ ಹುಡುಕುವ ಆಟ ಒಳ್ಳೆಯದು: ಕ, ಖ, ಗ, ಘ ಎಂದು ವರ್ಣಮಾಲೆಯ ಕ್ರಮದಲ್ಲೇ ಹುಡುಕಬೇಕು. ಙ ಮತ್ತು ಞ ಬಿಟ್ಟುಬಿಡಲು ಅನುಮತಿ ಇದೆ. ಝ ಸಿಕ್ಕರೆ ಮಾತ್ರ ಹಬ್ಬ.

ದಾರಿಯೇ ಬದಲಾಗುತ್ತಾ ಹೋಗುವುದನ್ನು ತೋರಿಸಲು ಈ ಹೆದ್ದಾರಿಯಷ್ಟು ಅನುಕೂಲವಾದುದು ಕಡಿಮೆ. ಬೆಳ್ಳೂರು ಕ್ರಾಸ್‌ನಿಂದ ಚನ್ನರಾಯಪಟ್ಟಣದ ಕಡೆ ಎರಡೂ ಬದಿ ತೆಂಗು ಕಾಣುವಾಗ, ಮೂರು ಕಣ್ಣುಂಟು ಶಿವನಲ್ಲ, ಹೊಟ್ಟೆಯಲ್ಲಿ ನೀರುಂಟು ಕೊಡವಲ್ಲ ಎಂಬ ಒಗಟು ಒಡ್ಡಿ ಸುಮ್ಮನಾಗಿ. ಉತ್ತರ ಕಿಟಕಿಯ ಹೊರಗೇ ಇದೆಯೆಂದು ಮಾತ್ರ ಹೇಳಿ. ಹಾಸನ ದಾಟಿದ ಮೇಲೆ ಮೊದಲ ಕಾಫಿ ಗಿಡ ಕಂಡವರಿಗೆ ಒಂದು ಬಹುಮಾನವಿರಲಿ. ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆ ದಾಟುವಾಗ, ಈ ನೀರು ಕಾವೇರಿ ಸೇರಿ ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ ಹೋಗುತ್ತದೆಂದು ಹೇಳಿರಿ. ಘಾಟಿಯಲ್ಲಿ ಪಕ್ಕದಲ್ಲೇ ಹರಿಯುವ ಕೆಂಪುಹೊಳೆ ಕಂಡಾಗ, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ. ಅದು ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ನೇತ್ರಾವತಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಒಂದು ಗಂಟೆಯೊಳಗೆ ನೀರು ದಿಕ್ಕು ಬದಲಿಸಿತೆಂಬುದು ಮಗಳ ತಲೆಯಲ್ಲಿ ಎಷ್ಟು ಕುಳಿತಿತೆಂದರೆ, ಅಜ್ಜಿಮನೆಯ ಅಂಗಳದಲ್ಲಿ ಲೋಟದ ನೀರು ಚೆಲ್ಲಿ ಇದು ಯಾವ ಸಮುದ್ರದ್ದು ಎಂದು ತಮ್ಮನನ್ನು ಪರೀಕ್ಷೆ ಮಾಡುತ್ತಿದ್ದಳು. ಈ ನೋಟಗಳಿಗೆ ಘಾಟಿಯಲ್ಲಿ ಇನ್ನೊಂದು ಲಾಭವಿದೆ: ಹೊರಗೆ ನೋಡುತ್ತಿರುವ ಮಗುವಿಗೆ ಹೊಟ್ಟೆ ತೊಳಸುವುದು ಕಡಿಮೆ.

ದೊಡ್ಡ ನಿಲುಗಡೆಯನ್ನು ಘಾಟಿಗೆ ಮೊದಲೇ ಇಟ್ಟುಕೊಳ್ಳಿ. ಸಕಲೇಶಪುರ ದಾಟಿದ ಸ್ವಲ್ಪ ದೂರಕ್ಕೆ, ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ, ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯಿದೆ. ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ. ಮೆಟ್ಟಿಲು ಹತ್ತಿ ಇಳಿದರೆ ಐದಾರು ಗಂಟೆ ಕುಳಿತ ಕಾಲುಗಳ ಬಿಗಿತವೆಲ್ಲ ಸಡಿಲವಾಗುತ್ತದೆ, ಆಮೇಲೆ ಉಪ್ಪಿನಂಗಡಿಯವರೆಗೆ ಚಿಕ್ಕವನು ನಿದ್ದೆ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ಆಗ ಬೇಡ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಗಾಡಿಗಳು ಗಂಟೆಗಟ್ಟಲೆ ನಿಲ್ಲುವುದೂ ಉಂಟು. ಆದ್ದರಿಂದ ಹೆಚ್ಚುವರಿ ನೀರು, ಚಕ್ಕುಲಿ, ಬಾಳೆಹಣ್ಣು ಇಟ್ಟುಕೊಳ್ಳಿ.

ಇಷ್ಟೆಲ್ಲ ಇದ್ದರೂ ನಡುವೆ ಅರ್ಧ ಗಂಟೆ ಏನೂ ನಡೆಯದ ಹೊತ್ತು ಬಂದೇ ಬರುತ್ತದೆ. ಆಗ ತಕ್ಷಣ ಇನ್ನೊಂದು ಆಟ ತೆಗೆಯಬೇಡಿ. ಮಗು ನಾಲ್ಕು ಸಲ ಬೋರಾಗುತ್ತಿದೆ ಎನ್ನುತ್ತದೆ, ಕಾಲಿನಿಂದ ಮುಂದಿನ ಸೀಟನ್ನು ಒದೆಯುತ್ತದೆ, ಆಮೇಲೆ ತಾನಾಗಿಯೇ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಿನಿಂದ ಆನೆ ಬರೆಯತೊಡಗುತ್ತದೆ. ಆ ಹತ್ತು ನಿಮಿಷ ತಾಳಿಕೊಳ್ಳುವುದು ದೊಡ್ಡವರ ಕೆಲಸ. ಅದು ಸುಲಭವಲ್ಲವೆಂಬುದನ್ನು ಒಪ್ಪುತ್ತೇನೆ, ಅದರಲ್ಲೂ ಮುಂದೆ ಕುಳಿತವರು ತಾವೇ ಫೋನ್ ತಿಕ್ಕುತ್ತಿದ್ದರೆ ಆಗುವ ಮಾತೇ ಅಲ್ಲ.

ಕಣ್ಣಿಗೆ ಕೆಲಸ ಕೊಡದೆ ಕಿವಿಗೆ ಕೊಡುವುದು ಒಳ್ಳೆಯ ನಡುದಾರಿ. ನಾವು ಹಿಂದಿನ ಸಲ ಊರಿಗೆ ಹೋದಾಗ ಅಜ್ಜಿಯಿಂದ ನಾಲ್ಕು ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆವು. ನಡುವೆ ಅಜ್ಜಿ ಕೆಮ್ಮುವುದು, ಯಾರೋ ಬಾಗಿಲಲ್ಲಿ ಕರೆದಾಗ “ಬಂದೆ, ತಡಿ” ಎನ್ನುವುದು ಎಲ್ಲವೂ ಅದರಲ್ಲಿದೆ. ಮಕ್ಕಳಿಗೆ ಕಥೆಗಿಂತ ಆ ಭಾಗವೇ ಬಾಯಿಪಾಠ. ಘಾಟಿಯಲ್ಲಿ ಸಿಗ್ನಲ್ ಸರಿಯಾಗಿ ಸಿಗದ ಕಾರಣ ಇಂಥದ್ದನ್ನು ಫೋನಿನಲ್ಲೇ ಉಳಿಸಿಟ್ಟುಕೊಳ್ಳಬೇಕು.

ಹಾಗಾದರೆ ಪರದೆಗೆ ಜಾಗವೇ ಇಲ್ಲವೇ? ಇದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೆಂದೂ ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಈ ಮಿತಿಯೊಳಗೆ ನಾವು ಅದನ್ನು ಮರಳಿ ಬರುವಾಗ, ಹಾಸನ ದಾಟಿ ಕತ್ತಲಾದ ಮೇಲೆ, ನೇರ ರಸ್ತೆಯಲ್ಲಿ, ಒಂದೇ ಒಂದು ಸಲ ತೆಗೆಯುತ್ತೇವೆ. ಹೊರಗೆ ನೋಡಲು ಏನೂ ಕಾಣದ, ಎಲ್ಲರೂ ದಣಿದ, ಡ್ರೈವ್ ಮಾಡುವವರಿಗೆ ಗಲಾಟೆ ಬೇಡವೆನಿಸುವ ಹೊತ್ತದು. ಯಾವಾಗ ಸಿಗುತ್ತದೆ, ಎಷ್ಟು ಹೊತ್ತು ಎಂಬುದನ್ನು ಹೊರಡುವ ಮೊದಲೇ ಹೇಳಿರಬೇಕು. ಅತ್ತಾಗ ಕೊಟ್ಟರೆ ಮುಂದಿನ ಸಲ ಅಳು ಬೇಗ ಶುರುವಾಗುತ್ತದೆ. ಟ್ಯಾಬ್ಲೆಟ್ ಮಡಿಲಲ್ಲಿ ಬೇಡ. ಮುಂದಿನ ಸೀಟಿನ ತಲೆದಿಂಬಿಗೆ ಭದ್ರವಾಗಿ ಕಟ್ಟಿ, ಬೆಳಕು ತಗ್ಗಿಸಿ, ಡ್ರೈವ್ ಮಾಡುವವರ ಕನ್ನಡಿಯಲ್ಲಿ ಹೊಳೆಯದಂತೆ ನೋಡಿಕೊಳ್ಳಿ. ಪರದೆ ನಿಲ್ಲಿಸುವಾಗಿನ ಜಗಳ ತಪ್ಪಬೇಕಾದರೆ ಗಂಟೆಯ ಲೆಕ್ಕಕ್ಕಿಂತ ಊರಿನ ಲೆಕ್ಕ ಒಳ್ಳೆಯದು. ಕುಣಿಗಲ್ ಬೋರ್ಡು ಕಂಡಾಗ ಮುಗಿಯಿತು ಎಂದು ಹೇಳಿಟ್ಟಿದ್ದರೆ, ಆ ಬೋರ್ಡನ್ನು ಮೊದಲು ನೋಡಿ ಕೂಗುವವಳು ಕಂಡಕ್ಟರೇ.