ಜಪಾನಿ ಕಲಿಯಲು ನನ್ನ ಕೈ ಹಿಡಿದದ್ದು ಕನ್ನಡ

ನಾನು ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಊರು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಕಾಲೇಜಿನ ಜೊತೆಗೇ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಹಂತಗಳಲ್ಲಿ ಎನ್5 (ಎಲ್ಲಕ್ಕಿಂತ ಸುಲಭದ್ದು), ಎನ್4 ಮುಗಿದಿವೆ. ಈಗ ಎನ್3 ತಯಾರಿ ನಡೆದಿದೆ. ಜೂನಿಯರ್‌ಗಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಇದಕ್ಕೆ ಇಂಗ್ಲಿಷ್ ಚೆನ್ನಾಗಿ ಬರಬೇಕಾ?" ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬೇಕಾಗಿಲ್ಲ ಅಂತಲೇ ಹೇಳುತ್ತೇನೆ. ಇಂಗ್ಲಿಷನ್ನು ನಡುವೆ ತರದಿದ್ದರೆ ಜಪಾನಿ ಬೇಗ ಹತ್ತುತ್ತದೆ.

ಶುರು ಮಾಡಿದ್ದಕ್ಕೆ ದೊಡ್ಡ ಕಾರಣ ಏನಿಲ್ಲ. ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಗೋಡೆ ಮೇಲೆ ಐದು 'ಎಸ್'ಗಳ ಬೋರ್ಡ್ ಇತ್ತು, ಕೆಲಸದ ಜಾಗ ಅಚ್ಚುಕಟ್ಟಾಗಿ ಇಡುವ ಐದು ಜಪಾನಿ ಸೂತ್ರಗಳು: ಸೇರಿ, ಸೇತೋನ್, ಸೇಸೋ, ಸೇಕೆತ್ಸು, ಶಿತ್ಸುಕೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷಿನ್‌ನ ಕಂಟ್ರೋಲರ್ ಫಾನುಕ್ ಕಂಪನಿಯದ್ದು, ಅದೂ ಜಪಾನಿನದೇ. ನಾವು ದಿನವಿಡೀ ಮುಟ್ಟುವ ಸಾಮಾನು ಅವರದು, ಅವರ ಭಾಷೆ ಮಾತ್ರ ಯಾರಿಗೂ ಬರುವುದಿಲ್ಲ. ಎಂಜಿನಿಯರಿಂಗ್ ಜೊತೆ ಇದೊಂದು ಇದ್ದರೆ ಕೆಲಸ ಸಿಗುವುದು ಸುಲಭ ಅಂತ ಅನ್ನಿಸಿತು. ಮನೆಯಲ್ಲಿ ಅವ್ವ ಮಾತ್ರ "ಇಂಗ್ಲಿಷ್ ನೆಟ್ಟಗ ಬರವಲ್ದು, ಜಪಾನಿ ಯಾಕ ಬೇಕವ್ವಾ ನಿನಗ?" ಅಂದಳು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪುಣೆಯ ಒಬ್ಬ ಮೇಡಂ ಆನ್‌ಲೈನ್‌ನಲ್ಲಿ ಹೇಳಿಕೊಡುತ್ತಾರೆ. ಕ್ಲಾಸ್‌ನಲ್ಲಿ ಹೆಚ್ಚಿನವರು ಮರಾಠಿಯವರು.

ಜಪಾನಿಯ ಎರಡು ಅಕ್ಷರಮಾಲೆ ಹಿರಗಾನ, ಕತಕಾನ. ಎರಡರಲ್ಲೂ 46 ಮೂಲ ಅಕ್ಷರಗಳು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರೆದು ಬರೆದು ಕಲಿಯಬೇಕು, ಬೇರೆ ದಾರಿ ಇಲ್ಲ. ಆದರೆ ಅವುಗಳ ಕ್ರಮ ನೋಡಿ: ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯದೇ ಸಾಲು, ಅಲ್ವಾ? ಬೌದ್ಧ ಭಿಕ್ಷುಗಳು ಸಂಸ್ಕೃತದ ಮಂತ್ರ ಓದಲು ಸಿದ್ಧಂ ಲಿಪಿ ಕಲಿಯುತ್ತಿದ್ದರು. ಆ ಓದಿನ ಪ್ರಭಾವದಿಂದ ಬಂದ ಕ್ರಮ ಅದು. ಹಾಗಾಗಿ ಜಪಾನಿ ನಿಘಂಟಿನಲ್ಲಿ ಪದ ಹುಡುಕುವುದು ನಮಗೆ ಕಷ್ಟ ಆಗುವುದಿಲ್ಲ.

ಉಚ್ಚಾರವೂ ಹಾಗೆಯೇ. 'ಒಬಸಾನ್' ಅಂದರೆ ಅತ್ತೆ, ಚಿಕ್ಕಮ್ಮ. 'ಒಬಾಸಾನ್' ಅಂದರೆ ಅಜ್ಜಿ. ತಿಂಗಳ ನಾಲ್ಕನೇ ತಾರೀಖು 'ಯೊಕ್ಕ', ಎಂಟನೇ ತಾರೀಖು 'ಯೋಕ'. ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ. ಹ್ರಸ್ವ, ದೀರ್ಘ, ಒತ್ತಕ್ಷರ ಕೇಳಿ ಬೆಳೆದ ಕಿವಿಗೆ ಅವು ಬೇರೆ ಬೇರೆಯೇ. ಎ-ಏ, ಒ-ಓ ವ್ಯತ್ಯಾಸ ನಮ್ಮ ಲಿಪಿಯಲ್ಲೇ ಇದೆ. ಮರಾಠಿ ಗೆಳತಿಯರಿಗೆ ಅದು ಸ್ವಲ್ಪ ತೊಡಕಾಗುತ್ತಿತ್ತು. ಅದಕ್ಕೇ ನಾನು ಮೊದಲ ದಿನಗಳಲ್ಲಿ ಪದಗಳನ್ನು ಕನ್ನಡದಲ್ಲೇ ಬರೆದುಕೊಂಡೆ. ಹಿರಗಾನ ಕೈಗೆ ಬಂದ ಮೇಲೆ ಕನ್ನಡ ಲಿಪಿಯನ್ನೂ ಬಿಟ್ಟೆ.

ಇನ್ನು ವ್ಯಾಕರಣ. ಮೇಡಂ ಮೊದಲು ಇಂಗ್ಲಿಷ್‌ನಲ್ಲಿ ವಿವರಿಸುತ್ತಿದ್ದರು. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಪದದ ಹಿಂದೆ ಅಂಟಿಕೊಳ್ಳುತ್ತದೆ, ಕರ್ತೃ ಬಿಟ್ಟರೂ ನಡೆಯುತ್ತದೆ ಅಂತ. ಇದನ್ನೆಲ್ಲ ಹೊಸ ವಿಷಯದ ಹಾಗೆ ಯಾಕೆ ಹೇಳುತ್ತಾರೆ ಅಂತ ನನಗೆ ಆಶ್ಚರ್ಯ. ನಾವು ಮಾತಾಡುವುದೇ ಹಾಗಲ್ವಾ? ಅವತ್ತಿನಿಂದ ನೋಟ್‌ಬುಕ್ ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಜಪಾನಿ, ಬಲಕ್ಕೆ ಕನ್ನಡ. ಇಂಗ್ಲಿಷ್‌ಗೆ ಜಾಗವೇ ಇಡಲಿಲ್ಲ.

ಎಲ್ಲರೂ ಹೆದರುವ, ಕ್ರಿಯಾಪದದ 'ತೆ' ರೂಪವನ್ನೇ ತೆಗೆದುಕೊಳ್ಳಿ. ಅದು ನಮ್ಮ 'ಮಾಡಿ, ತಿಂದು, ಹೋಗಿ' ಇದ್ದ ಹಾಗೆ. 'ತಬೆತೆ' ಅಂದರೆ ತಿಂದು. 'ಮಿರು' ಅಂದರೆ ನೋಡು. 'ತಬೆತೆ ಮಿರು' ಅಂದರೆ ತಿಂದು ನೋಡು. ಇಂಗ್ಲಿಷ್‌ನಲ್ಲಿ ಇದಕ್ಕೆ ಬೇರೆ ಕ್ರಿಯಾಪದ ಹುಡುಕಿ ಅರ್ಥ ಹೇಳಬೇಕು. ನಮಗೆ ಪದಕ್ಕೆ ಪದ ಕೂತಿತು. 'ತಬೆತೆ ಶಿಮಾವು' ಅಂದರೆ ತಿಂದುಬಿಡು. 'ಕತ್ತೆ ಒಕು' ಅಂದರೆ ಕೊಂಡಿಡು. 'ಒಕು' ಅಂದರೆ ಇಡು ಅಂತಲೇ. (ಹೌದು, ಜಪಾನಿಯಲ್ಲಿ 'ಕತ್ತೆ' ಅಂದರೆ ಕೊಂಡು. ರೂಮಿನಲ್ಲಿ ನಾನು ಜೋರಾಗಿ ಓದುವಾಗ ರೂಮ್‌ಮೇಟ್ ಸುಮ್ನೆ ಕೂತಿರುತ್ತಿರಲಿಲ್ಲ.)

'ಕಿನೋ ಕತ್ತ ಹೊನ್' ಅಂದರೆ ನಿನ್ನೆ ಕೊಂಡ ಪುಸ್ತಕ. ಮೂರು ಪದಕ್ಕೆ ಮೂರು ಪದ, ಅದೇ ಕ್ರಮ. ಯಾರೋ ಹೇಳಿದ್ದನ್ನು ಹೇಳುವಾಗ ಮಾತಿನ ಕೊನೆಗೆ 'ತೊ' ಸೇರಿಸಿ ಆಮೇಲೆ 'ಹೇಳಿದ' ಅನ್ನುತ್ತಾರೆ. ಅದು ನಮ್ಮ 'ಅಂತ'. 'ದರೆ' ಅಂದರೆ ಯಾರು. 'ದರೆಕ' ಯಾರೋ, 'ದರೆಮೊ' ಯಾರೂ. 'ನಾನಿಕ' ಏನೋ, 'ನಾನಿಮೊ' ಏನೂ. ಕನ್ನಡದಲ್ಲಿ 'ಓ' ಮತ್ತು 'ಊ' ಮಾಡುವ ಕೆಲಸವನ್ನು ಅಲ್ಲಿ 'ಕ' ಮತ್ತು 'ಮೊ' ಮಾಡುತ್ತವೆ. ಒಂದು ಸಂಜೆಯಲ್ಲಿ ಮುಗಿಯುವ ಪಾಠ ಇದು.

'ಗ' ಮತ್ತು 'ಒ' ಪ್ರತ್ಯಯಗಳಲ್ಲಿ ಕ್ಲಾಸ್‌ನ ಬಹಳ ಜನ ಎಡವುತ್ತಿದ್ದರು. ನನಗೆ ಮಾವಿನಹಣ್ಣು ಇಷ್ಟ ಅನ್ನಲು 'ವತಾಶಿ ವ ಮಾಂಗೋ ಗ ಸುಕಿ ದೆಸ್' ಅನ್ನಬೇಕು. ಇಂಗ್ಲಿಷ್‌ನಲ್ಲಿ ಯೋಚಿಸಿದರೆ ಹಣ್ಣು ಕರ್ಮಪದ. ಅದಕ್ಕೆ 'ಒ' ಹಾಕೋಣ ಅನ್ನಿಸುತ್ತದೆ. ಕನ್ನಡದಲ್ಲಿ ನಾವು 'ಮಾವಿನಹಣ್ಣನ್ನು ಇಷ್ಟ' ಅನ್ನುತ್ತೇವಾ? ಇಲ್ಲ. 'ಅನ್ನು' ಬರದ ಕಡೆ 'ಒ' ಹಾಕಬೇಡ ಅಂತ ನನಗೆ ನಾನೇ ನಿಯಮ ಮಾಡಿಕೊಂಡೆ. ಬರುತ್ತದೆ, ಗೊತ್ತು, ಬೇಕು ಇಂಥ ಮಾತುಗಳಲ್ಲೂ ಈ ನಿಯಮ ನಡೆಯುತ್ತದೆ. ಎಲ್ಲ ಕಡೆ ನಡೆಯುವುದಿಲ್ಲ. ಆದರೆ ಎನ್5, ಎನ್4 ಮಟ್ಟಿಗೆ ಸಾಕು.

ಮರ್ಯಾದೆಯ ಮಾತು ಅಂದರೆ ಉತ್ತರ ಕರ್ನಾಟಕದವರಿಗೆ ಏನು ಹೇಳಿಕೊಡಬೇಕು? ನಾವು 'ಹೌದ್ರಿ, ಬರ್ತೀನ್ರಿ' ಅನ್ನುವಾಗ ಕೊನೆಗೆ ಸೇರುವ 'ರಿ' ಇದೆಯಲ್ಲ, ಅವರ 'ದೆಸ್', 'ಮಾಸ್' ಕೂಡ ಅಂಥದ್ದೇ. ಗೆಳತಿಯ ಹತ್ತಿರ ಬೇಡ, ಮೇಡಂ ಹತ್ತಿರ ಬೇಕು. ಕೆಲಸದ ಜಾಗದ ಗೌರವದ ಭಾಷೆ 'ಕೇಗೊ' ಇದಕ್ಕಿಂತ ದೊಡ್ಡ ವಿಷಯ. ಅದು ಮುಂದಿನ ಹಂತದ್ದು.

ಕನ್ನಡ ಕೈ ಕೊಡುವ ಜಾಗಗಳೂ ಇವೆ. ಕೊಡುವುದಕ್ಕೆ ನಮಗೆ ಒಂದೇ ಪದ. ಅಲ್ಲಿ ನಾನು ಬೇರೆಯವರಿಗೆ ಕೊಟ್ಟರೆ 'ಅಗೆರು', ಬೇರೆಯವರು ನನಗೆ ಕೊಟ್ಟರೆ 'ಕುರೆರು'. ಇದು ಇನ್ನೂ ನನ್ನ ತಲೆ ತಿನ್ನುತ್ತದೆ. ಎಣಿಕೆಯೂ ಹಾಗೆ. ನಾವು ಜನರಿಗೆ ಒಬ್ಬ, ಉಳಿದದ್ದಕ್ಕೆಲ್ಲ ಒಂದು ಅಂದು ಮುಗಿಸುತ್ತೇವೆ. ಅಲ್ಲಿ ಪೆನ್ಸಿಲ್‌ನಂಥ ಉದ್ದ ವಸ್ತುವಿಗೆ ಇಪ್ಪೊನ್, ನಿಹೊನ್, ಸಂಬೊನ್. ಹಾಳೆಯಂಥ ತೆಳು ವಸ್ತುವಿಗೆ ಇಚಿಮಾಯ್, ನಿಮಾಯ್. ಇವನ್ನು ಬಾಯಿಪಾಠ ಮಾಡುವುದೇ. ಮಗ್ಗಿ ಕಲಿತ ಹಾಗೆ ಜೋರಾಗಿ ಹೇಳಿಕೊಂಡು ಕಲಿತೆ.

ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳ ವಿಷಯ ಬೇರೆಯೇ. ಜಪಾನಿನಲ್ಲಿ ದಿನಬಳಕೆಗೆ ಅಂತ ಸರ್ಕಾರ ಗುರುತಿಸಿದ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಪರೀಕ್ಷೆ ನಡೆಸುವವರು ಯಾವ ಹಂತಕ್ಕೆ ಎಷ್ಟು ಅಂತ ಪಟ್ಟಿ ಕೊಡುವುದಿಲ್ಲ. ಎನ್5ಗೆ ಸುಮಾರು 100, ಎನ್4ಗೆ ಸುಮಾರು 300 ಅಂತ ಹೇಳಿಕೊಡುವವರ ಲೆಕ್ಕ. ಒಂದೊಂದಕ್ಕೆ ಎರಡು, ಮೂರು ಓದು, ಅಂದರೆ ಉಚ್ಚಾರ. ಓದುಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಬೇಡಿ, ಅದು ಸಮಯ ಹಾಳು. ನಾನು ಪದ ಕಲಿಯುತ್ತೇನೆ. ನೀರಿನ ಕಾಂಜಿ ಒಂಟಿಯಾಗಿದ್ದರೆ 'ಮಿಜು'. ಅದೇ ಬುಧವಾರದ ಹೆಸರಿನಲ್ಲಿ ಬಂದಾಗ 'ಸುಯಿ'. ಪದ ಗೊತ್ತಿದ್ದರೆ ಓದು ತಾನಾಗಿ ಬರುತ್ತದೆ. ಬರೆಯಲು ಗಣಿತದ ಚೌಕುಳಿ ನೋಟ್‌ಬುಕ್ ಸಾಕು, ಖಡೇ ಬಜಾರಿನಲ್ಲಿ ಎಲ್ಲ ಕಡೆ ಸಿಗುತ್ತದೆ. ಪರೀಕ್ಷೆಯಲ್ಲಿ ಕೈಯಿಂದ ಬರೆಯುವುದೇ ಇಲ್ಲ, ಎಲ್ಲ ಗುರುತು ಹಾಕುವ ಪ್ರಶ್ನೆಗಳೇ. ಆದರೂ ಬರೆದಿದ್ದು ನೆನಪಿರುವಷ್ಟು ನೋಡಿದ್ದು ನನಗೆ ನೆನಪಿರುವುದಿಲ್ಲ.

ದಿನದ ಪಾಡು ಹೀಗಿದೆ. ಬೆಳಗ್ಗೆ ಪಿಜಿಯಲ್ಲಿ ಎಲ್ಲರೂ ಏಳುವ ಮೊದಲು ಹಳೆಯ ಪದಗಳ ಕಾರ್ಡ್ ಮೊಬೈಲ್‌ನಲ್ಲಿ ತಿರುವುತ್ತೇನೆ. ಆಂಕಿ ಅನ್ನುವ ಆ್ಯಪ್ ಇದೆ. ಮರೆಯುವ ಪದಗಳನ್ನು ಅದೇ ಮತ್ತೆ ಮತ್ತೆ ಮುಂದೆ ತರುತ್ತದೆ. ರಾತ್ರಿ ಊಟವಾದ ಮೇಲೆ ಒಂದು ಹೊಸ ವ್ಯಾಕರಣ, ಅದರ ಮೇಲೆ ನನ್ನದೇ ಕೆಲವು ವಾಕ್ಯ. ಕಾಲೇಜು ಲ್ಯಾಬ್ ಇದ್ದ ದಿನ ಕಾರ್ಡ್ ಮಾತ್ರ. ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲಿ ಕೇಳುವ ಅಭ್ಯಾಸ. ಇಯರ್‌ಫೋನ್‌ನಲ್ಲಿ ಬಂದದ್ದನ್ನು ಮೆಲ್ಲಗೆ ಹಿಂದೆಯೇ ಹೇಳುತ್ತಾ ಹೋಗುವುದು. ಪಕ್ಕದ ಸೀಟಿನವರು ಒಂದು ಥರ ನೋಡುತ್ತಾರೆ, ನೋಡಲಿ. ಹಣ ಜಾಸ್ತಿ ಬೇಕಿಲ್ಲ. ಜಪಾನ್ ಫೌಂಡೇಶನ್‌ನವರ 'ಇರೊದೊರಿ' ಪಠ್ಯ, ಆಡಿಯೋ ಎರಡೂ ಉಚಿತ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯವರು ಸರಳ ಜಪಾನಿಯಲ್ಲಿ ಸುದ್ದಿ ಕೊಡುತ್ತಾರೆ, ಅದನ್ನು ಎನ್4 ಹತ್ತಿರ ಬಂದಾಗ ಹಿಡಿದರೆ ಸರಿ.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ. ನಮ್ಮ ಸೆಮಿಸ್ಟರ್ ಪರೀಕ್ಷೆಗಳೂ ಹೆಚ್ಚುಕಡಿಮೆ ಆ ಹೊತ್ತಿಗೇ ಬರುತ್ತವೆ. ಅದಕ್ಕೇ ಕೊನೆಯ ತಿಂಗಳು ಹೊಸದೇನೂ ಕಲಿಯುವುದಿಲ್ಲ ಅಂತ ಇಟ್ಟುಕೊಂಡಿದ್ದೇನೆ. ಎನ್5ರಲ್ಲಿ ಒಟ್ಟು 180ಕ್ಕೆ 80 ಬಂದರೆ ಪಾಸ್, ಎನ್4ಗೆ 90. ಆದರೆ ಅಷ್ಟೇ ನೋಡಬೇಡಿ. ಕೇಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು, ಉಳಿದ 120ಕ್ಕೆ 38. ಒಂದು ಕಡೆ ಕಡಿಮೆಯಾದರೆ ಒಟ್ಟು ಎಷ್ಟೇ ಇದ್ದರೂ ಫೇಲ್. ಓದು ಬರಹದಲ್ಲಿ ಜಾಣರಾದ ನಮ್ಮಂಥವರು ಕುಸಿಯುವುದು ಇಲ್ಲೇ. ಆಡಿಯೋ ಒಂದೇ ಸಲ ಹಾಕುತ್ತಾರೆ. ಮೊದಲ ಬಗೆಯ ಪ್ರಶ್ನೆಯಲ್ಲಿ ಏನು ಕೇಳುತ್ತಾರೆ ಅನ್ನುವುದನ್ನು ಮಾತುಕತೆಗೆ ಮೊದಲೇ ಹೇಳುತ್ತಾರೆ, ಅದನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಮಾತಾಡುವವರು ಬಹಳ ಸಲ ನಡುವೆ ಮನಸ್ಸು ಬದಲಿಸುತ್ತಾರೆ. 'ದೆಮೊ' (ಆದರೆ), 'ಯಪ್ಪಾರಿ' (ಯಾಕೋ ಬೇಡ, ಇದೇ ಇರಲಿ ಅನ್ನುವ ಥರ) ಕೇಳಿಸಿತು ಅಂದರೆ ಅದರ ಮುಂಚಿನ ಉತ್ತರ ಬಿದ್ದುಹೋಯಿತು ಅಂತ ತಿಳಿಯಿರಿ. ಒಂದು ತಪ್ಪಿದರೆ ಅದನ್ನೇ ಯೋಚಿಸುತ್ತಾ ಕೂರಬೇಡಿ, ಮುಂದಿನದೂ ಹೋಗುತ್ತದೆ.

ನಾನು ಕೇಂದ್ರವಾಗಿ ಪುಣೆ ಆರಿಸಿಕೊಂಡೆ. ಬೆಂಗಳೂರಲ್ಲೂ ಇದೆ. ಆದರೆ ಬೆಳಗಾವಿಯಿಂದ ಅದು ಸುಮಾರು 500 ಕಿ.ಮೀ., ಪುಣೆ ಅದಕ್ಕಿಂತ ಬಹಳ ಹತ್ತಿರ. ಜುಲೈಗೆ ಹೋಗುವವರಿಗೆ ಒಂದು ಮಾತು. ಅದು ಮಳೆ ಬಿಡದ ತಿಂಗಳು. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೊಲ್ಹಾಪುರದ ಹತ್ತಿರ ಪಂಚಗಂಗಾ ನದಿಯ ನೀರು ಹೆದ್ದಾರಿಗೇ ನುಗ್ಗಿ ಪುಣೆ ರಸ್ತೆ ಬಂದ್ ಆಗಿತ್ತು. ಶನಿವಾರ ರಾತ್ರಿ ಬಸ್ಸು ನಂಬಬೇಡಿ, ಒಂದು ದಿನ ಮೊದಲೇ ಹೋಗಿ ಇರಿ. ಹಾಲ್‌ನಲ್ಲಿ ಮೊಬೈಲ್ ಪೂರ್ತಿ ಆಫ್ ಮಾಡಿ. ಅದು ಸದ್ದು ಮಾಡಿದರೆ ಕೆಂಪು ಕಾರ್ಡ್ ಕೊಟ್ಟು ಹೊರಗೆ ಕಳಿಸುವ ನಿಯಮವಿದೆ. ಮುಗಿದ ಮೇಲೆ ಸಮಯ ಇದ್ದರೆ ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನಕ್ಕೆ ಹೋಗಿ. ಒಕಾಯಾಮ ಊರಿನ ಕೊರಾಕುಎನ್ ತೋಟದ ಮಾದರಿಯಲ್ಲಿ ಮಾಡಿದ್ದಾರೆ. ಕಾಲು ಚಾಚಿ ಕೂರಲು ಒಳ್ಳೆಯ ಜಾಗ.

ಈಗ ಗುರಿಯ ಮಾತು. ನನಗೆ ಅನುವಾದಕಿ ಆಗುವ ಆಸೆ ಇಲ್ಲ. ಜಪಾನಿ ಬರುವ ಎಂಜಿನಿಯರ್ ಆಗಬೇಕು. ಕಾರ್ಖಾನೆಗಳಿರುವ ಪುಣೆ ಹತ್ತಿರದ ಚಾಕಣದಲ್ಲೋ ಬೆಂಗಳೂರು ಹತ್ತಿರದ ಬಿಡದಿಯಲ್ಲೋ ಮೊದಲ ಕೆಲಸ, ಆಮೇಲೆ ಆದರೆ ಜಪಾನ್. ಕಂಪನಿಗಳು ಎನ್3, ಎನ್2 ಕೇಳುತ್ತವೆ. ಎನ್5 ಸರ್ಟಿಫಿಕೇಟ್ ತೋರಿಸಿ ಕೆಲಸ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಿಗ್ರಿ ಇಲ್ಲದವರಿಗೂ ಒಂದು ದಾರಿ ಇದೆ. 2019ರಲ್ಲಿ ಜಪಾನ್ ಶುರು ಮಾಡಿದ 'ತೊಕುತೇ ಗಿನೋ' (ನಿರ್ದಿಷ್ಟ ಕೌಶಲ) ವೀಸಾ ಅದು. ಭಾರತದ ಜೊತೆ 2021ರಲ್ಲಿ ಒಪ್ಪಂದ ಆಯಿತು. ವೃದ್ಧರ ಆರೈಕೆಯಿಂದ ಹಿಡಿದು ಕೃಷಿವರೆಗೆ ಹಲವು ಕೆಲಸಗಳಿಗೆ ಹೋಗಬಹುದು. ಭಾಷೆಗೆ ಎನ್4 ಇರಬೇಕು, ಇಲ್ಲವೇ ಜೆಎಫ್‌ಟಿ ಬೇಸಿಕ್ ಅನ್ನುವ ಕಂಪ್ಯೂಟರ್ ಪರೀಕ್ಷೆಯಲ್ಲಿ 250ಕ್ಕೆ 200. ಜೊತೆಗೆ ಆ ಕೆಲಸದ ಕೌಶಲ ಪರೀಕ್ಷೆ. ಹೊಲ ಅಡವಿಟ್ಟು ಏಜೆಂಟರಿಗೆ ದುಡ್ಡು ಸುರಿಯುವ ಮೊದಲು ಈ ಎರಡು ಪರೀಕ್ಷೆಗೆ ಕೂತು ನೋಡಿ. ಓದಲು ಹೋಗುವವರಿಗೂ ಒಂದು ಲೆಕ್ಕ ಗೊತ್ತಿರಲಿ. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದು ದುಡಿಯಬಹುದಾದದ್ದು ವಾರಕ್ಕೆ 28 ಗಂಟೆ ಮಾತ್ರ. ರಜೆಯ ದಿನಗಳಿಗೆ ನಿಯಮ ಬೇರೆ. ಫೀಸು, ಬಾಡಿಗೆ ಎಲ್ಲ ಅದರಲ್ಲೇ ಹೊರಡುತ್ತದೆ ಅನ್ನುವವರ ಹತ್ತಿರ ಲೆಕ್ಕ ಬರೆಸಿಕೊಳ್ಳಿ.

ಎನ್3ರಲ್ಲಿ ಮೂರು ಭಾಗ, ಓದುವ ಭಾಗಕ್ಕೂ ಬೇರೆಯಾಗಿ 60ಕ್ಕೆ 19 ಬೇಕು, ಒಟ್ಟು 95. ಈಗ ನನಗೆ ನಿಧಾನ ಆಗುತ್ತಿರುವುದು ಉದ್ದದ ಗದ್ಯ. ವಾಕ್ಯವನ್ನು ಕೊನೆಯ ಕ್ರಿಯಾಪದದಿಂದ ಹಿಂದಕ್ಕೆ ಬಿಡಿಸದೆ, ಬಂದ ಕ್ರಮದಲ್ಲೇ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುತ್ತಾ ಹೋಗುವ ಅಭ್ಯಾಸ ಮಾಡುತ್ತಿದ್ದೇನೆ. ಮೇಡಂ ಕೂಡ ಈಗ ನನ್ನನ್ನು "ಇದು ಕನ್ನಡದಲ್ಲಿ ಹೇಗೆ?" ಅಂತ ಕೇಳುತ್ತಾರೆ.