ಅಡಿಕೆ ಸಿಪ್ಪೆ ಬೆರೆಸಿದ ಮೊಟ್ಟೆ ಟ್ರೇ: ನನ್ನ ಅನುಭವ

ಅಡಿಕೆ ಸುಗ್ಗಿಯಲ್ಲಿ ಚನ್ನಗಿರಿ ಕಡೆ ಓಡಾಡಿದವರಿಗೆ ಗೊತ್ತು, ರಸ್ತೆಯ ಎರಡೂ ಬದಿ ಹಸಿ ಸಿಪ್ಪೆಯ ಗುಡ್ಡೆ. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರು ಸುಲಿಸಿ ಮುಗಿಸಿ, ಕತ್ತಲಾಗುವುದನ್ನೇ ಕಾದು, ಟ್ರ್ಯಾಕ್ಟರ್‌ನಲ್ಲಿ ತಂದು ಸುರಿದು ಹೋಗುತ್ತಾರೆ. ಬೇಸಿಗೆಗೆ ಯಾರೋ ಬೆಂಕಿ ಹಚ್ಚುತ್ತಾರೆ. ಅದು ನೆಟ್ಟಗೆ ಉರಿಯುವುದೂ ಇಲ್ಲ, ಆರುವುದೂ ಇಲ್ಲ, ವಾರಗಟ್ಟಲೆ ಹೊಗೆಯಾಡುತ್ತದೆ. ನಾನು ಆ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ದಾವಣಗೆರೆಗೆ ಹೋಗಿ, ನನ್ನ ಮೊಟ್ಟೆ ಟ್ರೇ ಶೆಡ್ಡಿಗೆ ಕಿಲೋಗೆ ಇಪ್ಪತ್ತು ರೂಪಾಯಿ ಕೊಟ್ಟು ರದ್ದಿ ಕಾಗದ ತರುತ್ತಿದ್ದೆ. ಬೇಕಾದ ನಾರು ಮನೆ ಮುಂದೆಯೇ ಬಿದ್ದಿದೆ, ನಾನು ಅದಕ್ಕಾಗಿ ಐವತ್ತು-ಅರವತ್ತು ಕಿಲೋಮೀಟರ್ ಹೋಗಿ ಬರುತ್ತಿದ್ದೇನೆ ಅಂತ ಹೊಳೆಯಲು ಎರಡು ವರ್ಷ ಬೇಕಾಯಿತು.

ಈಗ ನಮ್ಮ ಟ್ರೇನಲ್ಲಿ ಕಾಲು ಪಾಲು ಅಡಿಕೆ ಸಿಪ್ಪೆಯ ನಾರು. ಹದಿನಾಲ್ಕು ತಿಂಗಳಿಂದ ನಿಲ್ಲದೆ ಓಡುತ್ತಿದೆ. ಮೆಷಿನ್ ಕೊಟ್ಟವರ ಕಡೆಯ ಎಂಜಿನಿಯರ್ "ಸಾರ್, ಗೊಬ್ಬರ ಆಗುತ್ತೆ, ಟ್ರೇ ಆಗಲ್ಲ" ಅಂದಿದ್ದರು. ನಮ್ಮ ಭಾವ ಊಟಕ್ಕೆ ಕೂತಾಗಲೆಲ್ಲ "ಏನಪ್ಪಾ, ಸಿಪ್ಪೆ ಸಾಹುಕಾರ ಆದ್ಯಾ?" ಅಂತ ಕಾಲೆಳೆಯುತ್ತಿದ್ದರು. ಇದೇ ಕಸುಬಿನ ಇನ್ನೊಬ್ಬರು ಎದುರಿಗೇ ನಕ್ಕಿದ್ದರು, ಅವರು ಹೋದ ತಿಂಗಳು ನನ್ನ ಶೆಡ್ಡಿಗೆ ಬಂದು ಮೂರು ತಾಸು ಕೂತು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶೆಡ್ ಶುರುವಾಗಿದ್ದು 2019ರಲ್ಲಿ, ಸಣ್ಣ ಉದ್ಯಮಕ್ಕೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂಇಜಿಪಿ ಯೋಜನೆಯ ಸಾಲದಲ್ಲಿ. ಮೆಷಿನ್, ರದ್ದಿಯನ್ನು ನೀರಲ್ಲಿ ಕಲಕಿ ಗಂಜಿ ಮಾಡುವ ಪಲ್ಪರ್, ಅಚ್ಚಿನ ಜಾಲರಿಯಿಂದ ನೀರು ಹೀರುವ ವ್ಯಾಕ್ಯೂಮ್ ಪಂಪ್, ಶೆಡ್ ಎಲ್ಲ ಸೇರಿ 26 ಲಕ್ಷದ ಹತ್ತಿರ ಹೋಯಿತು. ಆಗ ಒಣಗಿಸುತ್ತಿದ್ದದ್ದು ಬಿಸಿಲಲ್ಲೇ. ವರ್ಷ ತುಂಬುವ ಮೊದಲೇ 2020ರ ಫೆಬ್ರವರಿಯಲ್ಲಿ ಕೋಳಿಯಿಂದ ಕೊರೊನಾ ಬರುತ್ತೆ ಅಂತ ಗುಲ್ಲೆದ್ದಿತು. ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ನಿಜವಾದ ಹಕ್ಕಿಜ್ವರವೇ ಬಂತು. ಮೊಟ್ಟೆ ಕೇಳುವವರೇ ಇಲ್ಲ ಅಂದಮೇಲೆ ಟ್ರೇ ಯಾರಿಗೆ ಬೇಕು? ಅದರ ಬೆನ್ನಿಗೆ ಲಾಕ್‌ಡೌನ್. ಅದೂ ಮುಗಿದು ಮೊಟ್ಟೆ ವ್ಯಾಪಾರ ಚಿಗುರುವಾಗ ರದ್ದಿ ಸಿಗದಾಯಿತು. ಜನ ಪೇಪರ್ ಹಾಕಿಸಿಕೊಳ್ಳುವುದು ಬಿಟ್ಟಿದ್ದರು, ಶಾಲೆ ಇಲ್ಲದೆ ನೋಟ್‌ಬುಕ್ ರದ್ದಿಯೂ ಇಲ್ಲ. ಮೊದಲು 11-12 ರೂಪಾಯಿಗೆ ತರುತ್ತಿದ್ದ ಮಾಲು ಕಣ್ಣೆದುರಿಗೇ 20 ದಾಟಿತು. ಟ್ರೇ ರೇಟು ಮಾತ್ರ ಮೊಟ್ಟೆ ಸಾಹುಕಾರರು ಹೇಳಿದಷ್ಟೇ. ಟ್ರೇಗೆ 65 ಗ್ರಾಂ ಅಂದರೆ ಬರೀ ರದ್ದಿಗೇ 1 ರೂಪಾಯಿ 30 ಪೈಸೆ. ಕರೆಂಟು, ಕೂಲಿ, ಬ್ಯಾಂಕಿನ ಕಂತು ಎಲ್ಲಿಂದ ತರೋದು?

ಮೊದಲ ಪ್ರಯೋಗ ನೆನೆದರೆ ಈಗಲೂ ನಗು ಬರುತ್ತದೆ. 2021ರ ಸುಗ್ಗಿಯಲ್ಲಿ ಹಸಿ ಸಿಪ್ಪೆಯನ್ನು ಮೇವು ಕತ್ತರಿಸುವ ಮೆಷಿನ್‌ಗೆ ಕೊಟ್ಟು, ತುಂಡು ಮಾಡಿ, ನೇರ ಪಲ್ಪರ್‌ಗೆ ಸುರಿದೆ. ಹತ್ತು ನಿಮಿಷಕ್ಕೆ ಅಜಿಟೇಟರ್ ಶಾಫ್ಟಿಗೆ, ಅಂದರೆ ತೊಟ್ಟಿ ಕಲಕುವ ದಂಡಕ್ಕೆ, ನಾರು ಸುತ್ತಿಕೊಂಡು ಹಗ್ಗ ಹೊಸೆದ ಹಾಗಾಯಿತು. ಮೋಟರ್ ಗುಂಯ್ ಅಂತು, ಆಮೇಲೆ ಸುಟ್ಟ ವಾಸನೆ. ರಿವೈಂಡಿಂಗ್‌ಗೆ ಏಳು ಸಾವಿರ, ಎರಡು ದಿನ ಕೆಲಸ ಬಂದ್. ಕುಡುಗೋಲು ಹಿಡಿದು ತೊಟ್ಟಿಗಿಳಿದು ನಾರು ಕೊಯ್ದು ತೆಗೆದ ನಮ್ಮ ಹುಡುಗ "ಅಣ್ಣಾ, ಇದನ್ನು ಹಗ್ಗ ಮಾಡಿಯೇ ಮಾರೋಣ" ಅಂದ.

ಎರಡನೇ ಸಲ ಬಹಳ ಸಣ್ಣಗೆ ಪುಡಿ ಮಾಡಿದೆ. ಟ್ರೇ ಅಚ್ಚಿನಿಂದ ಚೆನ್ನಾಗಿಯೇ ಎದ್ದಿತು. ಬಿಸಿಲಿಗೆ ಹಾಕಿದ ಮೇಲೆ ಬಣ್ಣ ತಿರುಗತೊಡಗಿತು. ಬೆಳಿಗ್ಗೆ ಕಂದು, ಮಧ್ಯಾಹ್ನಕ್ಕೆ ಬೂದು, ಸಂಜೆಗೆ ಇದ್ದಿಲು. ಹಸಿ ಸಿಪ್ಪೆಯ ಒಗರು ನಮ್ಮ ಕಬ್ಬಿಣದ ತೊಟ್ಟಿಯ ಜೊತೆ ಸೇರಿ ಮಸಿಯಾಗಿಬಿಟ್ಟಿತ್ತು. ಹಿಂದಿನವರು ಅಳಲೆಕಾಯಿಯನ್ನು ಕಬ್ಬಿಣದ ಜೊತೆ ಕುದಿಸಿ ಮಸಿ ಮಾಡುತ್ತಿದ್ದರಲ್ಲ, ಅದೇ ಕೆಲಸವನ್ನು ನಾನು ಎರಡು ಸಾವಿರ ಲೀಟರ್ ತೊಟ್ಟಿಯಲ್ಲಿ ಮಾಡಿದ್ದೆ. ಧೈರ್ಯ ಮಾಡಿ ಒಂದು ಗಾಡಿ ಕಳಿಸಿದೆ. ಮೊಟ್ಟೆ ಬೆವರಿದಾಗ ಬಿಳಿ ಚಿಪ್ಪಿನ ಮೇಲೆ ಕಂದು ಉಂಗುರ ಬಿತ್ತು. ಸಾಹುಕಾರರು ಫೋನ್ ಮಾಡಿ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಸುಮ್ನೆ ಒಂದು ಫೋಟೋ ಕಳಿಸಿ, ಮುಂದಿನ ಮೂರು ತಿಂಗಳು ಬೇರೆಯವರ ಹತ್ತಿರ ತೆಗೆದುಕೊಂಡರು. ಎಂಟೊಂಬತ್ತು ಸಾವಿರ ಟ್ರೇ ಹಾಗೇ ಉಳಿದವು. ಆ ಒಂದು ಬಣ್ಣದಿಂದ ನನಗೆ ಎಲ್ಲ ಸೇರಿ ಲಕ್ಷದ ಮೇಲೆ ಹೊಡೆತ.

ಆಮೇಲೆ ಕಾಸ್ಟಿಕ್ ಸೋಡಾ ಹಾಕಿ ನೋಡಿದೆ. ನಾರು ರೇಷ್ಮೆ ಥರ ಬಿಟ್ಟುಕೊಂಡಿತು, ಸುಳ್ಳು ಹೇಳಲ್ಲ. ಆದರೆ ಉಳಿದ ಕಪ್ಪು ನೀರನ್ನು ಎಲ್ಲಿ ಬಿಡೋದು? ಪಕ್ಕದಲ್ಲೇ ತೋಟ. ಒಂದು ಡ್ರಮ್ ನೀರು ಬದುವಿಗೆ ಚೆಲ್ಲಿದ್ದಕ್ಕೆ ಅಲ್ಲಿನ ಹುಲ್ಲು ಸುಟ್ಟು ಹೋಯಿತು. ಅದನ್ನು ನೋಡಿದ ದಿನವೇ ಕಾಸ್ಟಿಕ್ ಚೀಲ ವಾಪಸ್ ಕೊಟ್ಟೆ.

ದಾರಿ ತೋರಿಸಿದವರು ಭದ್ರಾವತಿಯ ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು. 1936ರಷ್ಟು ಹಳೆಯ ಕಾರ್ಖಾನೆ, ಕಬ್ಬಿನ ಸಿಪ್ಪೆ ಬಳಸಿ ನ್ಯೂಸ್‌ಪ್ರಿಂಟ್ ಮಾಡಿದ ಜನ ಅವರು. ನನ್ನ ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ಉಜ್ಜಿ, ಊದಿ ಹಾರಿಸಿದರು. "ಕತ್ತರಿಸ್ಬೇಡ ಕಣೋ, ಜಜ್ಜು. ಕತ್ತರಿಸಿದರೆ ನಾರು ಮೋಟಾಗುತ್ತೆ. ಜಜ್ಜಿದರೆ ಮೈಯೆಲ್ಲ ಕೂದಲೆದ್ದು ಒಂದನ್ನೊಂದು ಹಿಡ್ಕೊಳ್ಳುತ್ತೆ" ಅಂದರು. ಹಾಗೇ "ಹಸೀದು ಯಾಕೆ ತರ್ತೀಯ? ಹೋದ ವರ್ಷದ ಗುಡ್ಡೆ ನೋಡು" ಅಂತಲೂ ಸೇರಿಸಿದರು.

ಹೋದ ವರ್ಷದ ಗುಡ್ಡೆ! ಒಂದು ಮಳೆಗಾಲ ಪೂರ್ತಿ ನೆನೆದ ಸಿಪ್ಪೆ. ಒಗರು ಅರ್ಧಕ್ಕರ್ಧ ಮಳೆಯಲ್ಲೇ ತೊಳೆದು ಹೋಗಿರುತ್ತದೆ, ನಾರಿನ ನಡುವಿನ ಅಂಟು ಸಡಿಲವಾಗಿರುತ್ತದೆ. ಆದರೆ ಗುಡ್ಡೆಯ ಎಲ್ಲ ಸಿಪ್ಪೆ ಒಂದೇ ಅಲ್ಲ. ಮೇಲಿನ ಒಂದು ಗೇಣು ಬಿಸಿಲಿಗೆ ಬಿರುಸಾಗಿರುತ್ತದೆ. ತಳದ್ದು ಕೊಳೆತು ಕಾಫಿ ಪುಡಿಯಂತೆ ಉದುರುತ್ತದೆ. ನನಗೆ ಬೇಕಾದದ್ದು ನಡುವಿನದು. ಕೈಗೆ ತೆಗೆದುಕೊಂಡು ಎರಡು ಕಡೆ ಎಳೆದರೆ ಒಂದೇ ಸಲಕ್ಕೆ ಹರಿಯಬಾರದು, ಎಳೆ ಎಳೆಯಾಗಿ ಬಿಡಬೇಕು. ನಮ್ಮಲ್ಲಿ ಇದನ್ನು ಆರಿಸುವುದು ಇಬ್ಬರು ಹೆಂಗಸರು, ಮುಟ್ಟಿದ ತಕ್ಷಣ ಹೇಳುತ್ತಾರೆ. ನನಗೇ ಅಷ್ಟು ಚೆನ್ನಾಗಿ ಬರಲ್ಲ.

ಹೀಗೆ ಆರಿಸಿದ್ದನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಹಾಕುತ್ತೇನೆ. ತೊಟ್ಟಿ ಸಿಮೆಂಟಿನದು, ಕಬ್ಬಿಣ ಹತ್ತಿರ ಸುಳಿಯಬಾರದು. ಎಷ್ಟು ದಿನ ಅಂತ ಮಾತ್ರ ಕೇಳಬೇಡಿ, ಮೂರು ವರ್ಷ ದುಡ್ಡು ಸುರಿದು ಕಲಿತದ್ದು. ಜಜ್ಜಲು ಕೋಳಿ ಆಹಾರಕ್ಕೆ ಜೋಳ ಒಡೆಯುತ್ತಿದ್ದ ಹಳೆಯ ಹ್ಯಾಮರ್ ಮಿಲ್ ತಂದೆ, 38 ಸಾವಿರಕ್ಕೆ. ಅಂಚು ಚೂಪಾಗಿದ್ದ ಸುತ್ತಿಗೆ ಪಟ್ಟಿಗಳನ್ನು ತೆಗೆಸಿ ದಪ್ಪ ಮೊಂಡು ಪಟ್ಟಿ ಹಾಕಿಸಿದೆ. ನೀರು ಬಿಟ್ಟುಕೊಂಡೇ ಓಡಿಸಬೇಕು, ಒಣಗಿದ್ದು ಹಾಕಿದರೆ ಬರೀ ಧೂಳು.

ಇಷ್ಟಾದರೂ 2023ರ ಮಳೆಗಾಲದಲ್ಲಿ ಮತ್ತೆ ಮುಗ್ಗರಿಸಿದೆ. ಟ್ರೇಗಳು ಥಂಡಿ ಹಿಡಿದು ಮೆತ್ತಗಾಗಿ, ಗಾಡಿಯಲ್ಲಿ ಕೆಳಗಿನ ಸಾಲು ಕುಸಿಯತೊಡಗಿತು. ಸಿಪ್ಪೆಯೇ ಕಾರಣ ಅಂತ ಎಲ್ಲರೂ ಬೆರಳು ತೋರಿಸಿದರು. ತಪ್ಪು ಇದ್ದದ್ದು ಸುಣ್ಣದಲ್ಲಿ. ಟ್ರೇ ನೀರು ಹೀರದಿರಲಿ ಅಂತ ಹಾಕುವ ರೋಸಿನ್-ಆಲಂ (ರಾಳ, ಪಟಿಕ) ಹಿಡಿಯಬೇಕಾದರೆ ಪಿಎಚ್ ಐದರ ಆಸುಪಾಸು ಇರಬೇಕಲ್ವಾ? ನಾರಿನಲ್ಲಿ ಉಳಿದ ಸುಣ್ಣ ಆಲಂನ ಶಕ್ತಿಯನ್ನೆಲ್ಲ ತಿಂದು ಹಾಕುತ್ತಿತ್ತು. ನಾನು ಪಿಎಚ್ ಕಾಗದ ಅದ್ದುತ್ತಿದ್ದದ್ದು ಪಲ್ಪರ್‌ನಲ್ಲಿ, ಅದ್ದಬೇಕಿದ್ದದ್ದು ಅಚ್ಚಿನ ತೊಟ್ಟಿಯಲ್ಲಿ. ಇನ್ನೂರು ರೂಪಾಯಿ ಕಾಗದದ ಪುಸ್ತಕವನ್ನು ತಪ್ಪು ಜಾಗದಲ್ಲಿ ಅದ್ದಿ ನಲವತ್ತು ಸಾವಿರ ಕಳೆದೆ. ಈಗ ಮೂರು ನೀರಿನಲ್ಲಿ ತೊಳೆಯುತ್ತೇವೆ. ಕೊನೆಯ ನೀರಿಗೆ ಇಲ್ಲೇ ಊರಲ್ಲಿ ಪುಕ್ಕಟೆ ಸಿಗುವ ಒಂದು ಹುಳಿ ಸೇರಿಸುತ್ತೇನೆ. ಅದು ಏನು ಅಂತ ನಮ್ಮ ಮನೆಯಾಕೆಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಪ್ರಮಾಣ ನೂರಕ್ಕೆ 22ರಿಂದ 25. ದುರಾಸೆಯಿಂದ 40ರವರೆಗೂ ಹೋಗಿ ನೋಡಿದ್ದೇನೆ, ಮೂಲೆಗಳು ಪಟಪಟ ಮುರಿಯುತ್ತವೆ. ಜೊತೆಗೆ ರಟ್ಟಿನ ಪೆಟ್ಟಿಗೆಯ ರದ್ದಿ ಜಾಸ್ತಿ ಇರಬೇಕು. ಬರೀ ನ್ಯೂಸ್‌ಪೇಪರ್‌ನ ಮೋಟು ನಾರು ಸಿಪ್ಪೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕ ಹೀಗಿದೆ. ಸಾಗಣೆ, ಸುಣ್ಣ, ಕೂಲಿ, ಕರೆಂಟು ಎಲ್ಲ ಸೇರಿ ಒಣ ನಾರಿನ ಕಿಲೋಗೆ ಏಳು ರೂಪಾಯಿ ಬೀಳುತ್ತದೆ. ರದ್ದಿ 20 ಅಂತ ಹಿಡಿದರೆ ಟ್ರೇಗೆ 20-21 ಪೈಸೆ ಉಳಿತಾಯ. ದಿನಕ್ಕೆ ಎಂಟು ಸಾವಿರ ಟ್ರೇ ಅಂದರೆ ಸಾವಿರದ ಏಳುನೂರರ ಹತ್ತಿರ. ನಾನು ಎಣಿಸಿದ್ದು ಇಷ್ಟನ್ನೇ. ಎಣಿಸದೆ ಬಂದದ್ದು ಇನ್ನೊಂದು ಇದೆ. ಸಿಪ್ಪೆ ನಾರು ಒರಟು, ಅದರಿಂದ ನೀರು ಬೇಗ ಬಸಿಯುತ್ತದೆ. ಮೊದಲು ಅಚ್ಚಿನಿಂದ ಎದ್ದ ಹಸಿ ಟ್ರೇ 270 ಗ್ರಾಂ ತೂಗುತ್ತಿತ್ತು, ಈಗ 245. ಬಿಸಿಲಿನ ದಿನ ಇದೇನು ದೊಡ್ಡದಲ್ಲ. ಆದರೆ ನಾನು ಆಗಲೇ ಇಟ್ಟಿಗೆಯ ಡ್ರೈಯರ್ ಕಟ್ಟಿಸಿದ್ದೆ, ಕಟ್ಟಿಗೆ ನುಂಗುವ ರಾಕ್ಷಸ ಅದು. ಟ್ರೇಗೆ 25 ಗ್ರಾಂ ನೀರು ಕಡಿಮೆ ಅಂದರೆ ಎಂಟು ಸಾವಿರಕ್ಕೆ ಇನ್ನೂರು ಲೀಟರ್ ನೀರು ಒಣಗಿಸುವ ಕಟ್ಟಿಗೆ ಮಿಕ್ಕಿತು. ಗುಡ್ಡೆಯ ಮೇಲ್ಪದರದ ಬಿರುಸು ಸಿಪ್ಪೆ ಇದೆಯಲ್ಲ, ಅದನ್ನೂ ಒಲೆಗೇ ಹಾಕುತ್ತೇನೆ. ಕಟ್ಟಿಗೆ ಖರ್ಚು ಮೂರನೇ ಒಂದು ಭಾಗ ಇಳಿದಿದೆ.

ಅಡ್ಡ ಪ್ರಯೋಗಗಳೂ ಬೇಕಾದಷ್ಟು ಆದವು. ಭದ್ರಾ ನಾಲೆ ಕಡೆಯ ಭತ್ತದ ಹುಲ್ಲು ಹಾಕಿದೆ, ನೀರು ಬಸಿಯುವುದೇ ಇಲ್ಲ, ಜಾಲರಿ ಕಟ್ಟಿಕೊಂಡಿತು. ಬಾಳೆ ದಿಂಡಿನ ನಾರು ಚಿನ್ನದಂಥದ್ದು, ಆದರೆ ನೂರು ಕಿಲೋ ದಿಂಡು ತಂದರೆ ತೊಂಬತ್ತು ಕಿಲೋ ನೀರನ್ನೇ ಹೊತ್ತು ತಂದ ಹಾಗೆ. ಆ ಇದ್ದಿಲು ಬಣ್ಣದ ಟ್ರೇಗಳಿಂದ ಅಡಿಕೆ ಸಸಿ ಮಾಡುವ ನರ್ಸರಿಯವರಿಗೆ ಕುಂಡ ಮಾಡಿಕೊಟ್ಟೆ. ಎರಡು ತಿಂಗಳಿಗೆ ಗೆದ್ದಲು ಹಿಡಿಯಿತು, ಅವರು ಮತ್ತೆ ಬರಲಿಲ್ಲ. ಗಣೇಶನ ಹಬ್ಬದ್ದು ಮಾತ್ರ ಚೆನ್ನಾಗಿ ಹೋಯಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್‌ಗೆ ನಿಷೇಧ ಬಂತಲ್ಲ, ಆ ವರ್ಷ ಹುಡುಗರು ಮಂಟಪಕ್ಕೆ ಏನಾದರೂ ಮಾಡಿಕೊಡಿ ಅಂತ ಬಂದರು. ಪಲ್ಪಿನಲ್ಲೇ ಕಂಬ, ಬಳ್ಳಿ, ಕಮಲ ಮಾಡಿಕೊಟ್ಟೆ. ಇನ್ನೂರು ಚಿಲ್ಲರೆ ಸೆಟ್ ಹೋದವು.

ಬಹಳ ಜನ ಪ್ಯಾಕಿಂಗ್ ಥರ್ಮಾಕೋಲೂ ಅವತ್ತೇ ನಿಂತಿತು ಅಂದುಕೊಂಡಿದ್ದಾರೆ. ಇಲ್ಲ, ಆ ಪಟ್ಟಿಯಲ್ಲಿ ಇದ್ದದ್ದು ಅಲಂಕಾರದ್ದು ಮಾತ್ರ. ನಮಗೆ ಕೆಲಸ ಬರುತ್ತಿರುವುದು ಬೇರೆ ಕಡೆಯಿಂದ. ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸಿದರೆ ಲೆಕ್ಕ ಕೊಡಬೇಕು ಅಂತ 2022ರಲ್ಲೇ ಇಪಿಆರ್, ಅಂದರೆ ಉತ್ಪಾದಕರ ಹೊಣೆಯ ನಿಯಮ ಬಂತು. ಹೊರದೇಶಕ್ಕೆ ಕಳಿಸುವವರಿಗೆ ಅಲ್ಲಿನ ಗಿರಾಕಿಯೇ ಕೇಳುತ್ತಾನೆ. ಯುರೋಪಿನ ಹೊಸ ಪ್ಯಾಕಿಂಗ್ ಕಾನೂನು 2026ರ ಆಗಸ್ಟ್‌ನಿಂದ ಅನ್ವಯ ಅಂತ ಆದಮೇಲಂತೂ ಫೋನ್ ಜಾಸ್ತಿಯಾಗಿದೆ.

ಹಾಗೆ ಬಂದವರು ಪೀಣ್ಯದ ಒಂದು ಸಣ್ಣ ಪಂಪ್ ಕಂಪನಿಯವರು. ಎರಡು ತುದಿಗೆ ಕೂರುವ ಟೋಪಿಯಂಥ ಪ್ಯಾಕಿಂಗ್ ಬೇಕಿತ್ತು, ಪಂಪು ಆರು ಕಿಲೋ. ಅಚ್ಚನ್ನು ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯಿಸಿದೆ, ಜಾಲರಿ ಕೂರಿಸುವುದೂ ಸೇರಿ ಒಂದೂ ಮುಕ್ಕಾಲು ಲಕ್ಷ. ಒಣಗಿದಾಗ ಮಾಲು ಕುಗ್ಗುತ್ತದೆ ಅಂತ ಗೊತ್ತಿತ್ತು, ನೂರಕ್ಕೆ ಎರಡು ಅಂತ ಬಿಟ್ಟಿದ್ದೆ. ಕುಗ್ಗಿದ್ದು ಮೂರೂವರೆ. ಪಂಪು ಒಳಗೆ ಕೂರಲೇ ಇಲ್ಲ. ಅಚ್ಚು ತೇಯಿಸಿ ಮತ್ತೆ ಮಾಡಿದೆ. ಸೊಂಟದ ಎತ್ತರದಿಂದ ಬೀಳಿಸುವ ಪರೀಕ್ಷೆಯಲ್ಲಿ ನಾಲ್ಕನೇ ಸಲಕ್ಕೇ ಮೂಲೆ ಬಿರಿಯಿತು. ಆಗ ಗೊತ್ತಾದದ್ದು, ಗೋಡೆ ದಪ್ಪ ಮಾಡಿದರೆ ಪ್ರಯೋಜನ ಇಲ್ಲ, ಮೂಲೆಯನ್ನು ಪಂಪಿಗೆ ತಾಗದಂತೆ ಟೊಳ್ಳಾಗಿ ಬಿಡಬೇಕು. ಮೊದಲು ಟೊಳ್ಳು ಜಜ್ಜಿಹೋಗುತ್ತದೆ, ಪೆಟ್ಟು ಅಲ್ಲಿಗೇ ಸಾಯುತ್ತದೆ. ಮೂರನೇ ಅಚ್ಚಿಗೆ ಹತ್ತು ಸಲ ಬಿದ್ದರೂ ಪಂಪಿಗೆ ಗೀರು ಬೀಳಲಿಲ್ಲ. ಅವರ ಮ್ಯಾನೇಜರ್ ಹನ್ನೊಂದನೇ ಸಲ ತಾವೇ ಎತ್ತಿ ಬೀಳಿಸಿದರು.

ಸೆಟ್ಟಿಗೆ 18 ರೂಪಾಯಿ ಕೊಡುತ್ತಾರೆ, ಥರ್ಮಾಕೋಲ್ ಅವರಿಗೆ 14ಕ್ಕೆ ಬೀಳುತ್ತಿತ್ತಂತೆ. ತಿಂಗಳಿಗೆ ಮೂರು ಸಾವಿರ ಸೆಟ್. ಎಪ್ಪತ್ತೈದು ದಿನಕ್ಕೆ ಪೇಮೆಂಟ್, ಅದೊಂದೇ ತಲೆನೋವು. ಮೊಟ್ಟೆ ಸಾಹುಕಾರರು ಜಗಳ ಆಡಿದರೂ ವಾರಕ್ಕೆ ನಗದು ಎಣಿಸುತ್ತಾರೆ.

ಈ ಸುಗ್ಗಿಗೆ ಹೊಸ ತಕರಾರು ಶುರುವಾಗಿದೆ. ಹೋದ ವರ್ಷದವರೆಗೆ "ತಗೊಂಡು ಹೋಗಪ್ಪಾ, ಪುಣ್ಯ ಬರುತ್ತೆ" ಅನ್ನುತ್ತಿದ್ದ ಖೇಣಿದಾರರು ಈಗ ಟ್ರ್ಯಾಕ್ಟರ್ ಲೋಡಿಗೆ ಎಂಟುನೂರು ಕೇಳುತ್ತಿದ್ದಾರೆ. ಐನೂರಕ್ಕೆ ಚೌಕಾಸಿ ನಡೆದಿದೆ. ನಡುವೆ ನಿಂತು ಮಾತಾಡಿಸುತ್ತಿರುವುದು ನಮ್ಮ ಭಾವ, ಅವರದೂ ನಾಲ್ಕು ಎಕರೆ ತೋಟ ಇದೆ.